ಅಪ್ಪನ ಮೊಬೈಲ್ ತರಗತಿಗೆ ಬಂದಾಗ: ಹೈಸ್ಕೂಲ್ ಶಿಕ್ಷಕರಿಗೆ ಒಂದು ಮಾರ್ಗದರ್ಶಿ

ಒಂಬತ್ತನೇ ತರಗತಿಯಲ್ಲಿ ಶಬ್ದದ ಪಾಠ ನಡೆದಿತ್ತು. ಗುಂಪಿನ ನಡುವೆ ಬೆಂಚಿನ ಮೇಲಿದ್ದ ಮೊಬೈಲ್ ಒಮ್ಮೆಲೇ ರಿಂಗಾಯಿತು. ಹುಡುಗಿ ಗಾಬರಿಯಲ್ಲಿ ಎತ್ತಿಕೊಂಡಳು, ಸ್ಪೀಕರ್ ಆನ್ ಆಗಿತ್ತು. "ಹಲೋ ಗೌಡ್ರ, ನಿಮ್ಮ ಮೆಣಸಿನಕಾಯಿ ಚೀಲ ಇಳಿಸೇವ್ರಿ, ರೇಟ್ ಹೇಳಲೇನ್ರಿ?" ಎಂದು ಬ್ಯಾಡಗಿಯ ದಲಾಲಿ ಅಂಗಡಿಯಿಂದ ಯಾರೋ ಕೇಳಿದರು. ಆ ಕರೆಗಾಗಿ ಅವಳ ಅಪ್ಪ ಬೆಳಗಿನಿಂದ ಕಾಯುತ್ತಿದ್ದರು. ಅವರ ಫೋನ್ ನನ್ನ ತರಗತಿಯಲ್ಲಿತ್ತು.

ಅವತ್ತಿನಿಂದ ನಾನು ಈ ವಿಷಯವನ್ನು ನೋಡುವ ಬಗೆಯೇ ಬದಲಾಯಿತು. "ವಿದ್ಯಾರ್ಥಿಗಳು ತಮ್ಮ ಸ್ವಂತ ಸಾಧನಗಳನ್ನು ತರಗತಿಗೆ ತರಲಿ" ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಗದಗ, ಹಾವೇರಿ ಕಡೆಯ ಹಳ್ಳಿಯ ಹೈಸ್ಕೂಲಿನಲ್ಲಿ ಮಗುವಿನ ಸ್ವಂತದ್ದು ಅಂತ ಇರುವ ಫೋನ್ ಕಡಿಮೆ. ಇರುವುದು ಮನೆಯ ಫೋನು. ಅದರಲ್ಲಿ ಅಪ್ಪನ ವ್ಯವಹಾರ ಇದೆ, ಅವ್ವನ ಸಂಘದ ಲೆಕ್ಕ ಇದೆ, ಅಣ್ಣನ ಫೋನ್‌ಪೇ ಇದೆ. ಆ ಫೋನನ್ನು ನಾವು ಒಂದು ಪಿರಿಯಡ್ಡಿಗೆ ಕಡ ತರುತ್ತೇವೆ. ಈ ತಿಳಿವಳಿಕೆ ಇದ್ದರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಹುಟ್ಟುತ್ತವೆ. ನಾನು ವಿಜ್ಞಾನದ ಶಿಕ್ಷಕಿ, ಹಾಗಾಗಿ ಉದಾಹರಣೆಗಳು ಆ ಕಡೆ ಹೆಚ್ಚು ವಾಲಿವೆ. ಕ್ರಮ ಮಾತ್ರ ಯಾವ ವಿಷಯಕ್ಕಾದರೂ ಹೊಂದುತ್ತದೆ.

1. ಮೊದಲು ಕಾಗದ, ಆಮೇಲೆ ಫೋನು

ಎಚ್‌ಎಂ (ಮುಖ್ಯ ಶಿಕ್ಷಕರು) ಅವರ ಬಾಯಿಮಾತಿನ ಒಪ್ಪಿಗೆ ನಂಬಿ ಶುರು ಮಾಡಬೇಡಿ. ಮೊಬೈಲ್ ಬಗ್ಗೆ ಇಲಾಖೆಯ ಯಾವ ಸುತ್ತೋಲೆ ಜಾರಿಯಲ್ಲಿದೆ ಎಂದು ಎಚ್‌ಎಂ ಕಡೆಯಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿಸಿ, ಅದಕ್ಕೆ ಒಳಪಟ್ಟೇ ಮುಂದುವರಿಯಿರಿ. ನಂತರ ಒಂದು ಪುಟದ ಯೋಜನೆ ಬರೆಯಿರಿ: ಯಾವ ತರಗತಿ, ಯಾವ ಪಾಠ, ತಿಂಗಳಿಗೆ ಎಷ್ಟು ಪಿರಿಯಡ್, ಫೋನ್ ಎಲ್ಲಿಡುತ್ತೀರಿ, ಯಾರು ಹೊಣೆ. ಅದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಟ್ಟು ನಡಾವಳಿಯಲ್ಲಿ ಬರೆಸಿ.

ಸಭೆಯಲ್ಲಿ ಯಾರಾದರೂ ಕಾನೂನು ಏನನ್ನುತ್ತದೆ ಎಂದು ಕೇಳಿದರೆ ಹೇಳಲು ಒಂದು ಆಧಾರ ಇದೆ. 2025ರ ಫೆಬ್ರುವರಿ ಕೊನೆಯಲ್ಲಿ ದೆಹಲಿ ಹೈಕೋರ್ಟ್, ಕೇಂದ್ರೀಯ ವಿದ್ಯಾಲಯವೊಂದರ ವಿದ್ಯಾರ್ಥಿಯ ಪ್ರಕರಣದಲ್ಲಿ, ಶಾಲೆಗಳಲ್ಲಿ ಸ್ಮಾರ್ಟ್‌ಫೋನನ್ನು ಪೂರ್ತಿ ನಿಷೇಧಿಸುವುದು ಸರಿಯೂ ಅಲ್ಲ, ನಡೆಯುವಂಥದ್ದೂ ಅಲ್ಲ ಎಂದಿತು. ಜೊತೆಗೆ, ಸಾಧ್ಯವಿದ್ದಲ್ಲಿ ಫೋನ್‌ಗಳನ್ನು ಒಂದೆಡೆ ತೆಗೆದಿಡುವ ವ್ಯವಸ್ಥೆ ಇರಲಿ, ತರಗತಿಗೆ ಅವುಗಳಿಂದ ಅಡ್ಡಿಯಾಗಬಾರದು, ನಿಯಮಗಳನ್ನು ಪಾಲಕರು ಮತ್ತು ಶಿಕ್ಷಕರೊಡನೆ ಚರ್ಚಿಸಿ ಮಾಡಲಿ ಎಂಬ ಮಾರ್ಗಸೂಚಿಯನ್ನೂ ಕೊಟ್ಟಿತು. ಅದು ನಮ್ಮ ರಾಜ್ಯದ ಆದೇಶವಲ್ಲ. ಆದರೂ ನಿಯಮ ಬರೆಯಲು ಕೂತಾಗ ಒಳ್ಳೆಯ ಚೌಕಟ್ಟು.

2. ಕೈ ಎತ್ತಿಸಿ ಎಣಿಸಬೇಡಿ

"ಯಾರ ಮನ್ಯಾಗ ಸ್ಮಾರ್ಟ್‌ಫೋನ್ ಐತಿ, ಕೈ ಎತ್ತ್ರಿ" ಎಂದು ನಾನೂ ಒಮ್ಮೆ ಕೇಳಿದ್ದೆ. ಕೊನೆಯ ಸಾಲಿನ ಹುಡುಗನೊಬ್ಬ ಅರ್ಧ ಕೈ ಎತ್ತಿ, ಪಕ್ಕದವನನ್ನು ನೋಡಿ, ಮತ್ತೆ ಇಳಿಸಿದ. ಆ ಅರ್ಧ ಕೈ ನನಗೆ ಇನ್ನೂ ನೆನಪಿದೆ. ಈಗ ಎಲ್ಲರಿಗೂ ಒಂದೊಂದು ಚೀಟಿ ಕೊಡುತ್ತೇನೆ. ಅದರಲ್ಲಿ ನಾಲ್ಕೇ ಪ್ರಶ್ನೆ: ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ, ಅದು ಯಾರದ್ದು, ಬೆಳಗಿನ ಹೊತ್ತು ಒಂದು ತಾಸು ಬಿಟ್ಟುಕೊಡಬಹುದೇ, ಯಾವ ವಾರ ಬೇಡ. ಮಡಚಿ ಡಬ್ಬಿಗೆ ಹಾಕುತ್ತಾರೆ, ನಾನೊಬ್ಬಳೇ ಓದುತ್ತೇನೆ.

ನಲವತ್ತೆಂಟು ಮಕ್ಕಳಿಗೆ ನಲವತ್ತೆಂಟು ಫೋನ್ ಬೇಕಿಲ್ಲ. ನಾಲ್ವರಿಗೆ ಒಂದರಂತೆ ಹನ್ನೆರಡು ಸಾಕು. ಆರು ಇದ್ದರೂ ಅರ್ಧ ತರಗತಿ ಫೋನಿನಲ್ಲಿ, ಅರ್ಧ ತರಗತಿ ಅಳತೆಪಟ್ಟಿ ಮತ್ತು ನೋಟ್‌ಬುಕ್ಕಿನಲ್ಲಿ ಕೆಲಸ ಮಾಡಿ ನಡುವೆ ಅದಲುಬದಲು ಆಗಬಹುದು. ನನ್ನ ಅನುಭವದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೋನ್ ಸಿಕ್ಕರೆ ಪಾಠ ಕೆಡುತ್ತದೆ, ಒಬ್ಬರೂ ಮಾತಾಡುವುದಿಲ್ಲ.

ಗಮನ ಕೊಡಬೇಕಾದ ಇನ್ನೊಂದು ಸಂಗತಿ. ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳ ಬಗ್ಗೆ ಶಿಕ್ಷಣದ ಸ್ಥಿತಿಗತಿಯ ಸಮೀಕ್ಷೆಯಾದ 2024ರ ಅಸರ್ ವರದಿ ಹೇಳುವಂತೆ, ಸ್ಮಾರ್ಟ್‌ಫೋನ್ ಬಳಸಲು ಬಲ್ಲವರಲ್ಲಿ ಸ್ವಂತ ಫೋನ್ ಇದ್ದದ್ದು ಶೇ. 36.2 ಗಂಡುಮಕ್ಕಳಿಗೆ, ಶೇ. 26.9 ಹೆಣ್ಣುಮಕ್ಕಳಿಗೆ. ಈ ಅಂತರ ತರಗತಿಯಲ್ಲಿ ಹೀಗೆ ಕಾಣುತ್ತದೆ: ಗುಂಪು ಮಾಡಿದ ಕೂಡಲೇ ಫೋನ್ ಹುಡುಗನ ಕೈಗೆ ಹೋಗುತ್ತದೆ, ಪೆನ್ನು ಹುಡುಗಿಯ ಕೈಗೆ. "ನಿನ್ನ ಅಕ್ಷರ ಚಂದ ಅದಾವ, ನೀ ಬರಿ" ಅನ್ನುತ್ತಾರೆ. ಅದನ್ನು ನೀವೇ ತಡೆಯಬೇಕು. ಗುಂಪನ್ನೂ ಕೆಲಸವನ್ನೂ ನೀವೇ ಹಂಚಿ: ಫೋನ್ ಹಿಡಿಯುವವರು, ಅಳೆಯುವವರು, ಪ್ರಯೋಗ ಮಾಡುವವರು, ಬರೆಯುವವರು. ಪ್ರತಿ ಸಲ ಸರದಿ ಬದಲಿಸಿ. ಫೋನ್ ತಂದ ಮಗುವಿಗೆ ಮೊದಲ ಸಲ ಫೋನ್ ಹಿಡಿಯುವ ಕೆಲಸ ಕೊಡಬೇಡಿ. ಅಲ್ಲಿಗೆ ಆ ಫೋನ್ ಗುಂಪಿನದಾಗುತ್ತದೆ.

3. ಪಾಲಕರ ಸಭೆ

ನಮ್ಮ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು ನಿಂತು ಕೇಳಿದರು: "ಟೀಚರ, ಹುಡುಗೂರ ಕೈಯಾಗ ಮೊಬೈಲ್ ಕೊಡಬ್ಯಾಡ್ರಿ ಅಂತ ನೀವ ಹೇಳತಿದ್ರಿ. ಈಗ ಸಾಲಿಗೆ ಕೊಟ್ಟು ಕಳಸ್ರಿ ಅಂತೀರಿ. ಯಾವುದು ಖರೇರಿ?"

ನ್ಯಾಯವಾದ ಪ್ರಶ್ನೆ. "ಎರಡೂ ಖರೇರಿ ಅಜ್ಜಾರ. ಹುಡುಗೂರಿಗೆ ಕೊಡಬ್ಯಾಡ್ರಿ, ನನಗ ಕೊಡ್ರಿ. ಒಂದ ಪಿರಿಯಡ್. ಆಮ್ಯಾಲೆ ನಿಮ್ಮ ಕೈಗೇ ವಾಪಸ್" ಎಂದೆ. ಅದೇ ಅಸರ್ ವರದಿಯಲ್ಲಿ, ಹಿಂದಿನ ವಾರ ಫೋನನ್ನು ಓದಿಗೆ ಬಳಸಿದ್ದೇವೆ ಎಂದ ಮಕ್ಕಳು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದ್ದೇವೆ ಎಂದವರು ಶೇ. 76. ಇದನ್ನೂ ಅವರಿಗೆ ಓದಿ ಹೇಳಿದೆ. ಮಕ್ಕಳು ಮನೆಯಲ್ಲಿ ಫೋನ್ ಹಿಡಿಯುವುದಂತೂ ಇದ್ದೇ ಇದೆ, ಅದರಿಂದ ಅಳೆಯಬಹುದು, ದಾಖಲಿಸಬಹುದು ಎಂಬುದನ್ನು ಒಬ್ಬರು ಕೂಡಿಸಿ ತೋರಿಸಬೇಕಲ್ಲವೇ?

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅರ್ಧ ಪುಟ ಮೀರದಿರಲಿ. ಓದು ಬಾರದ ಅವ್ವಂದಿರಿಗೆ ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ದಿನಾಂಕ, ಸಮಯ, ಆ ಹೊತ್ತಿನಲ್ಲಿ ಕರೆ ಬರುವುದಿಲ್ಲ ಎಂಬ ಮಾತು, ತುರ್ತಿದ್ದರೆ ಶಾಲೆಯ ಯಾವ ನಂಬರಿಗೆ ಮಾಡಬೇಕು ಎಂಬುದು, ಫೋನ್ ಒಡೆದರೆ ಏನು ಎಂಬುದು, ಇಷ್ಟೂ ಅದರಲ್ಲಿರಬೇಕು. ಒಡೆದರೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಸಭೆಯಲ್ಲೇ ಬಗೆಹರಿಸಿ. ನಮ್ಮಲ್ಲಿ ಒಮ್ಮೆ ಬೆಂಚಿನಿಂದ ಬಿದ್ದು ಗಾಜು ಒಡೆದಾಗ ಆ ಮಾತು ಮೊದಲೇ ಆಗಿರಲಿಲ್ಲ, ಆ ಮಗು ಮೂರು ದಿನ ಶಾಲೆಗೆ ಬರಲಿಲ್ಲ. ಈಗ ಬೆಂಚಿನ ಮೇಲೆ ಫೋನ್ ಇಡುವುದೇ ಇಲ್ಲ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಗುಂಪು, ನಡುವೆ ಫೋನು.

ದಿನ ಗೊತ್ತು ಮಾಡುವಾಗ ಊರಿನ ಕ್ಯಾಲೆಂಡರ್ ನೋಡಿ. ಸಂತೆಯ ದಿನ ಬೇಡ, ಮೆಣಸಿನಕಾಯಿ ಪೇಟೆಗೆ ಹೋಗುವ ವಾರ ಬೇಡ, ಸಂಘದ ಕಂತಿನ ದಿನ ಬೇಡ. ಸಾಧ್ಯವಾದರೆ ಮೊದಲ ಪಿರಿಯಡ್ ಆರಿಸಿ. ಪಾಠ ಮುಗಿಯುತ್ತಿದ್ದಂತೆ ಅಪ್ಪನೋ ಅಣ್ಣನೋ ಗೇಟಿಗೆ ಬಂದು ಫೋನ್ ಒಯ್ಯಬಹುದು, ಅದು ದಿನವಿಡೀ ಶಾಲೆಯಲ್ಲಿ ಉಳಿಯುವುದಿಲ್ಲ.

4. ಜೇಬಿನ ಪರದೆ ಮತ್ತು ರಜಿಸ್ಟರ್

ಹಳೆಯ ದಪ್ಪ ಬೆಡ್‌ಶೀಟ್ ಒಂದನ್ನು ಊರಿನ ಟೇಲರ್‌ಗೆ ಕೊಟ್ಟು ಹನ್ನೆರಡು ಜೇಬು ಹೊಲಿಸಿದೆ. ಪ್ರತಿ ಜೇಬಿನ ಮೇಲೆ ಬಣ್ಣದ ದಾರದಲ್ಲಿ ಒಂದು ಅಂಕಿ. ಗೋಡೆಯ ಮೊಳೆಗೆ ತೂಗುಹಾಕಿದರೆ ಯಾವ ಜೇಬು ತುಂಬಿದೆ, ಯಾವುದು ಖಾಲಿ ಎಂದು ಬಾಗಿಲಲ್ಲೇ ನಿಂತು ಕಾಣುತ್ತದೆ. ಪ್ರಾರ್ಥನೆಗೆ ಮುಂಚೆ ಮಗು ಫೋನ್ ತಂದು ಜೇಬಿಗೆ ಹಾಕಿ ರಜಿಸ್ಟರಿನಲ್ಲಿ ಸಹಿ ಮಾಡುತ್ತದೆ, ನಾನು ಕೋಣೆಗೆ ಕೀಲಿ ಹಾಕುತ್ತೇನೆ.

ರಜಿಸ್ಟರಿನ ಕಾಲಂಗಳು: ಹೆಸರು, ಫೋನ್ ಯಾರದ್ದು, ಕಂಪನಿ, ಬ್ಯಾಟರಿ ಎಷ್ಟು, ಮೊದಲೇ ಇದ್ದ ಬಿರುಕು, ಕೊಟ್ಟ ಸಹಿ, ಪಡೆದ ಸಹಿ. ಬಿರುಕಿನ ಕಾಲಂ ಬಿಡಬೇಡಿ. ನಮ್ಮ ಕಡೆಯ ಫೋನುಗಳಲ್ಲಿ ಬಿರುಕಿಲ್ಲದ್ದು ವಿರಳ. ಒಂದರ ಹಿಂಬದಿ ಮುಚ್ಚಳವನ್ನು ಹಾಲಿನ ಪಾಕೀಟಿನ ರಬ್ಬರ್ ಬ್ಯಾಂಡ್ ಹಿಡಿದುಕೊಂಡಿತ್ತು. ಅದನ್ನು ಹಾಗೆಯೇ ಬರೆದುಕೊಂಡೆ, ಮಗು ನೋಡುತ್ತಿರುವಾಗಲೇ, ಜೋರಾಗಿ ಓದದೆ.

ಚಾರ್ಜರ್ ತರುವುದು ಬೇಡ. ಕೋಣೆಗೊಂದೇ ಪ್ಲಗ್, ಅದಕ್ಕೆ ಮಕ್ಕಳು ಸುತ್ತಿಕೊಂಡರೆ ಅಪಾಯ. ಅರ್ಧಕ್ಕಿಂತ ಹೆಚ್ಚು ಬ್ಯಾಟರಿ ಇದ್ದರೆ ಸಾಕು ಎಂದು ಮೊದಲೇ ಹೇಳಿ.

5. ಫೋನನ್ನು ಪಾಠಕ್ಕೆ ಸಜ್ಜು ಮಾಡುವುದು

ನೆಟ್ ಬೇಕಾಗುವ ಪಾಠ ಯೋಜಿಸಬೇಡಿ. ಮನೆಯವರ ನೆಟ್ ಪ್ಯಾಕನ್ನು ನಾವು ಖರ್ಚು ಮಾಡಬಾರದು. ನಿಮ್ಮ ಹಾಟ್‌ಸ್ಪಾಟಿಗೆ ಹನ್ನೆರಡು ಫೋನ್ ಜೋಡಿಸಿದರೆ ಯಾವುದೂ ನಡೆಯುವುದಿಲ್ಲ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಬರುವ ಪಾಠಗಳನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ನೋಡಬಹುದು. ನಿಮ್ಮಲ್ಲಿರುವ ಚಿತ್ರ, ಆಡಿಯೊ, ಪಿಡಿಎಫ್‌ಗಳನ್ನು ಮಕ್ಕಳ ಫೋನಿಗೆ ಕ್ವಿಕ್ ಶೇರ್ ಮೂಲಕ ದಾಟಿಸಬಹುದು, ಅದಕ್ಕೂ ನೆಟ್ ಬೇಡ. ಆಪ್ ಬೇಕಿದ್ದರೆ ಹೆಸರನ್ನು ಎರಡು ದಿನ ಮೊದಲೇ ಪಾಲಕರಿಗೆ ತಿಳಿಸಿ, ಮನೆಯಲ್ಲೇ ಹಾಕಿಸಿ.

ತರಗತಿಯಲ್ಲಿ ಫೋನ್ ಕೈಗೆ ಬಂದ ಕೂಡಲೇ ಎರಡು ಕೆಲಸ. ಒಂದು, ಏರೋಪ್ಲೇನ್ ಮೋಡ್. ಇನ್ನೊಂದು, ಬಹಳ ಶಿಕ್ಷಕರು ಬಳಸದಿರುವುದು: ಆಪ್ ಪಿನ್. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಸೆಕ್ಯೂರಿಟಿ ವಿಭಾಗದೊಳಗೆ ಇದು ಸಿಗುತ್ತದೆ. ಕಾಣದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ "ಪಿನ್" ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಆನ್ ಮಾಡಿ, ಬಿಡಿಸಲು ಲಾಕ್ ಕೇಳಬೇಕು ಎಂಬ ಆಯ್ಕೆಯನ್ನೂ ಒತ್ತಿ. ಪಾಠದ ಆಪ್ ತೆರೆದು, ಇತ್ತೀಚೆಗೆ ತೆರೆದ ಆಪ್‌ಗಳ ಪರದೆಗೆ ಹೋಗಿ, ಆ ಆಪ್‌ನ ಚಿಹ್ನೆ ಮುಟ್ಟಿದರೆ "ಪಿನ್" ಎಂದು ಬರುತ್ತದೆ. ಆಮೇಲೆ ಪರದೆಯ ಮೇಲೆ ಅದೊಂದೇ ಆಪ್ ನಿಲ್ಲುತ್ತದೆ. ಫೋನ್ ಲಾಕ್ ಗೊತ್ತಿಲ್ಲದವರು ಅಪ್ಪನ ವಾಟ್ಸಾಪನ್ನಾಗಲಿ, ಫೋಟೊಗಳನ್ನಾಗಲಿ, ಹಣದ ಆಪನ್ನಾಗಲಿ ತೆರೆಯಲಾರರು. ಸಭೆಯಲ್ಲಿ ಇದನ್ನು ಒಬ್ಬ ಪಾಲಕರ ಫೋನಿನಲ್ಲೇ ಮಾಡಿ ತೋರಿಸಿ. ನಾನು ಹೀಗೆ ತೋರಿಸಿದ ದಿನವೇ ಹೆಚ್ಚು ಒಪ್ಪಿಗೆ ಪತ್ರಗಳು ಬಂದವು.

6. ಪಾಠ: ಮೈದಾನದಲ್ಲಿ ಶಬ್ದದ ವೇಗ

ಒಂದು ಪಾಠವನ್ನು ಪೂರ್ತಿ ಹೇಳುತ್ತೇನೆ. ಫೈಫಾಕ್ಸ್ ಎಂಬ ಉಚಿತ ಆಪ್ ಇದೆ, ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ್ದು. ಫೋನಿನ ಮೈಕು, ವೇಗೋತ್ಕರ್ಷ ಅಳೆಯುವ ಸೆನ್ಸರು ಎಲ್ಲವನ್ನೂ ಅಳತೆಯ ಸಾಧನವಾಗಿಸುತ್ತದೆ. ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಅದರಲ್ಲಿ ಅಕೌಸ್ಟಿಕ್ ಸ್ಟಾಪ್‌ವಾಚ್ ಎಂಬುದಿದೆ: ಮೊದಲ ಸದ್ದಿಗೆ ಶುರುವಾಗಿ ಎರಡನೇ ಸದ್ದಿಗೆ ನಿಲ್ಲುವ ಗಡಿಯಾರ.

ಮೈದಾನದಲ್ಲಿ ಟೇಪ್ ಹಿಡಿದು 10 ಮೀಟರ್ ಅಳೆಯಿರಿ. ಎರಡು ತುದಿಗೆ ಎರಡು ಫೋನ್ ಇಡಿ, ಎರಡರಲ್ಲೂ ಈ ಸ್ಟಾಪ್‌ವಾಚ್ ಚಾಲೂ ಮಾಡಿ. ಒಂದೊಂದು ಫೋನಿನ ಬೆನ್ನಿಗೆ, ಅದೇ ಗೆರೆಯಲ್ಲಿ, ಒಬ್ಬೊಬ್ಬರು ಬಿಸಿಯೂಟದ ತಾಟು ಮತ್ತು ಚಮಚ ಹಿಡಿದು ಕೂರಲಿ. ಚಪ್ಪಾಳೆಗಿಂತ ತಾಟಿನ ಸದ್ದು ಚುರುಕು. ಮೊದಲನೆಯವರು ಒಮ್ಮೆ ಹೊಡೆಯಬೇಕು. ಮನಸ್ಸಿನಲ್ಲೇ ಒಂದು, ಎರಡು ಎಣಿಸಿ ಎರಡನೆಯವರು ಒಮ್ಮೆ ಹೊಡೆಯಬೇಕು. ಉಳಿದವರೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ನಲವತ್ತೆಂಟು ಮಕ್ಕಳು ಅಷ್ಟು ಮೌನವಾಗಿದ್ದದ್ದನ್ನು ನಾನು ಬೇರೆ ಯಾವ ಪಾಠದಲ್ಲೂ ಕಂಡಿಲ್ಲ.

ಈಗ ಎರಡೂ ಫೋನಿನ ಸಮಯ ಬೇರೆ ಬೇರೆ ಇರುತ್ತದೆ. ಮೊದಲ ಫೋನಿನಲ್ಲಿ 2.371 ಸೆಕೆಂಡ್, ಎರಡನೆಯದರಲ್ಲಿ 2.313 ಬಂತು ಎನ್ನಿ. ಯಾಕೆ ವ್ಯತ್ಯಾಸ? ಮೊದಲ ಸದ್ದು ದೂರದ ಫೋನಿಗೆ ತಡವಾಗಿ ತಲುಪಿ ಅದನ್ನು ತಡವಾಗಿ ಶುರು ಮಾಡಿತು. ಎರಡನೇ ಸದ್ದು ಈ ಕಡೆಯ ಫೋನಿಗೆ ತಡವಾಗಿ ಬಂದು ಇದನ್ನು ತಡವಾಗಿ ನಿಲ್ಲಿಸಿತು. ಅಂದರೆ ವ್ಯತ್ಯಾಸವು ಶಬ್ದ ಹೋಗಿಬರುವ ಸಮಯ, 20 ಮೀಟರಿಗೆ 0.058 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 345 ಮೀಟರ್. ಪಠ್ಯಪುಸ್ತಕದ ಕೋಷ್ಟಕದಲ್ಲಿ 25 ಡಿಗ್ರಿ ಸೆಲ್ಸಿಯಸ್ ಗಾಳಿಗೆ 346 ಎಂದಿದೆ.

ಒಂದೇ ಸಲಕ್ಕೆ ಇಷ್ಟು ಹತ್ತಿರ ಬರುವುದಿಲ್ಲ. ಸೆಕೆಂಡಿನ ಸಾವಿರದ ಒಂದು ಭಾಗ ಆಚೀಚೆಯಾದರೆ ಉತ್ತರ ಆರು ಮೀಟರಿನಷ್ಟು ಜಿಗಿಯುತ್ತದೆ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಸುತ್ತಲಿನ ಗದ್ದಲಕ್ಕೇ ಗಡಿಯಾರ ಶುರುವಾಗುತ್ತಿದ್ದರೆ ಆಪ್‌ನಲ್ಲಿ ಥ್ರೆಶೋಲ್ಡ್ ಎಂಬ ಅಂಕಿಯನ್ನು ಸ್ವಲ್ಪ ಏರಿಸಿ. ನಮ್ಮ ಗದಗಿನ ಗಾಳಿ ನಿಮಗೆ ಗೊತ್ತು. "ಟೀಚರ್, ಗಾಳಿ ಬೀಸಿದ್ರ ಉತ್ತರ ತಪ್ಪತೈತೇನ್ರಿ?" ಎಂದು ಒಬ್ಬಳು ಕೇಳಿದಳು. ಒಂದು ಸದ್ದು ಗಾಳಿಯ ಜೊತೆಗೆ ಹೋಗುತ್ತದೆ, ಇನ್ನೊಂದು ಗಾಳಿಗೆ ಎದುರು ಹೋಗುತ್ತದೆ. ಕೂಡಿಸಿದಾಗ ಗಾಳಿಯ ಪರಿಣಾಮ ಬಹುಮಟ್ಟಿಗೆ ವಜಾ. ಅದನ್ನು ಅವಳೇ ನೆಲದ ಮೇಲೆ ಎರಡು ಬಾಣ ಬರೆದು ಕಂಡುಕೊಂಡಳು.

ಸಮಯದ ಲೆಕ್ಕ ಹೀಗಿರಲಿ: ಫೋನ್ ಹಂಚಿ ಸಜ್ಜು ಮಾಡಲು ಎಂಟು ನಿಮಿಷ, ಫೋನಿನ ಕೆಲಸ ಹನ್ನೆರಡು, ಉಳಿದದ್ದೆಲ್ಲ ನೋಟ್‌ಬುಕ್ಕಿಗೆ. ಅಳತೆ ಮುಗಿದ ಕೂಡಲೇ ಫೋನ್ ಜೇಬಿನ ಪರದೆಗೆ ಹೋಗಬೇಕು, ಪಕ್ಕದಲ್ಲಿ ಬೋರಲು ಮಲಗಿಸಿದರೆ ಸಾಲದು. ಗಮನ ಒಮ್ಮೆ ಫೋನಿನ ಕಡೆ ಸರಿದರೆ ಮತ್ತೆ ಓದಿಗೆ ಮರಳಲು 20 ನಿಮಿಷದವರೆಗೆ ಹಿಡಿಯಬಹುದು ಎಂದು ಯುನೆಸ್ಕೊದ 2023ರ ಶಿಕ್ಷಣ ವರದಿ ಎಚ್ಚರಿಸುತ್ತದೆ. ಅಂದರೆ ನಮ್ಮ ಅರ್ಧ ಪಿರಿಯಡ್.

7. ಬೇರೆ ವಿಷಯಗಳವರಿಗೆ

ಸಮಾಜ ವಿಜ್ಞಾನದವರೇ, ನಿಮ್ಮೂರಿನ ಹನುಮಪ್ಪನ ಗುಡಿಯ ಹಿಂದೆ ಒಂದು ವೀರಗಲ್ಲೋ ಶಾಸನವೋ ಒರಗಿಕೊಂಡಿರಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಬರೀ ಕಲ್ಲು. ಸಂಜೆ, ನೆರಳಿನಲ್ಲಿ, ಒಬ್ಬರು ಫೋನಿನ ಟಾರ್ಚನ್ನು ಕಲ್ಲಿನ ಮೈಗೆ ಒರಸಿದಂತೆ ಪಕ್ಕದಿಂದ ಹಿಡಿದರೆ ಪ್ರತಿ ಅಕ್ಷರದ ಗುಳಿಯಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಬರುತ್ತವೆ. ಇನ್ನೊಬ್ಬರು ಇನ್ನೊಂದು ಫೋನಿನಲ್ಲಿ ಎದುರಿನಿಂದ ಫೋಟೊ ತೆಗೆಯಲಿ. ಬೆಳಕಿನ ದಿಕ್ಕು ಬದಲಿಸಿ ಮೂರು ಫೋಟೊ ತೆಗೆದರೆ ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ. ಕಲ್ಲಿಗೆ ಸುಣ್ಣ, ಎಣ್ಣೆ, ಚಾಕ್‌ಪುಡಿ ಹಚ್ಚಬೇಡಿ. ಇಷ್ಟು ರೂಢಿಯಾದ ಮೇಲೆ ಲಕ್ಕುಂಡಿಗೆ ಕರೆದೊಯ್ಯಿರಿ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಅವಳನ್ನು ಕೊಂಡಾಡುವ 1007ರ ಶಾಸನ ಅಲ್ಲಿವೆ. ಗದಗ ತಾಲ್ಲೂಕಿನವರಿಗೆ ಕಣಗಿನಹಾಳವೂ ಹತ್ತಿರ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ಊರು. ಹಿರಿಯರ ಮಾತು ರೆಕಾರ್ಡ್ ಮಾಡಿಕೊಳ್ಳಲು ಒಂದು ಫೋನ್ ಸಾಕು.

ಕನ್ನಡದವರಿಗೆ ನನ್ನ ಸಲಹೆ ಅಜ್ಜಿಯಿಂದ ಶುರು ಮಾಡುವುದು. ಬೀಸುವ ಪದ, ಕುಟ್ಟುವ ಪದ, ಸೋಬಾನೆ, ಯಾವುದಾದರೂ ಒಂದನ್ನು ಅಜ್ಜಿಯ ಒಪ್ಪಿಗೆ ಕೇಳಿ ಮನೆಯಲ್ಲೇ ರೆಕಾರ್ಡ್ ಮಾಡಿಕೊಂಡು ಬರಲಿ. ತರಗತಿಯಲ್ಲಿ ಸಾಲು ಸಾಲಾಗಿ ನಿಲ್ಲಿಸಿ ಕೇಳುತ್ತ ನೋಟ್‌ಬುಕ್ಕಿಗೆ ಇಳಿಸಲಿ. ಎಲ್ಲಿ ಅಲ್ಪಪ್ರಾಣ, ಎಲ್ಲಿ ಮಹಾಪ್ರಾಣ, ಅಜ್ಜಿ "ಹೊಂಟಾಳ" ಅಂದದ್ದನ್ನು ಹೇಗೆ ಬರೆಯುವುದು ಎಂಬ ಜಗಳವೇ ವ್ಯಾಕರಣದ ಪಾಠವಾಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಅಜ್ಜಿಗೇ ಹೆಚ್ಚು ಹಾಡು ಬರುತ್ತಿರಬಹುದು. ಪಕ್ಕದ ಮನೆಯ ಫೋನ್ ಅಲ್ಲಿಗೆ ಹೋಗಲಿ.

ಶಿರಹಟ್ಟಿ ಕಡೆಯವರಿಗೆ ಮಾಗಡಿ ಕೆರೆ ಇದೆ. 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ ಸೇರಿದ ಆ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಫೋನ್ ಕ್ಯಾಮೆರಾಕ್ಕೆ ಅವು ದೂರ. ಕೂಗನ್ನು ರೆಕಾರ್ಡ್ ಮಾಡಿ, ಎಣಿಕೆಯನ್ನು ಕಣ್ಣಿನಿಂದಲೇ ಮಾಡಿಸಿ.

8. ಫೋಟೊ, ಮುಖ ಮತ್ತು ತಪ್ಪು ನಡೆದಾಗ

ಒಂದೇ ನಿಯಮ, ವಿನಾಯಿತಿ ಇಲ್ಲ: ತರಗತಿಯಲ್ಲಿ ವಸ್ತುಗಳ ಫೋಟೊ, ಮನುಷ್ಯರದ್ದಲ್ಲ. ಮಕ್ಕಳ ಮುಖ ಬೇಡ, ನಿಮ್ಮ ಮುಖವೂ ಬೇಡ. ಪಾಠ ಮುಗಿದ ಮೇಲೆ ಗುಂಪು ಕೂತು ಗ್ಯಾಲರಿ ನೋಡಿ ಬೇಡದ್ದನ್ನು ಅಳಿಸಲಿ. ಅಳಿಸಿದ್ದು "ಟ್ರ್ಯಾಶ್" ಎಂಬಲ್ಲಿ ಉಳಿದಿರುತ್ತದೆ, ಅದನ್ನೂ ಖಾಲಿ ಮಾಡಿಸಿ. ಮಕ್ಕಳ ನಂಬರ್ ಸೇರಿಸಿ ವಾಟ್ಸಾಪ್ ಗ್ರೂಪ್ ಮಾಡಬೇಡಿ. ಅಪ್ಪನ ನಂಬರ್ ಎಂದುಕೊಂಡು ಸೇರಿಸಿದ್ದು ಅಣ್ಣನ ಗೆಳೆಯರ ಕೈಗೂ ಹೋಗುತ್ತದೆ, ಹೆಣ್ಣುಮಕ್ಕಳ ನಂಬರ್ ಅಲ್ಲಿಂದ ಊರೆಲ್ಲ ಸುತ್ತುತ್ತದೆ.

ಹಾಗಿದ್ದೂ ಯಾರೋ ಯಾರದೋ ಫೋಟೊ ತೆಗೆದು ಹಂಚಿದರು ಎನ್ನಿ. ಫೋನ್ ಕಸಿದು ತರಗತಿಯ ಮುಂದೆ ಕೂಗಾಡಬೇಡಿ, ಆ ಫೋಟೊವನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಲೂ ಬೇಡಿ. ಎಚ್‌ಎಂ ಜೊತೆ ಒಂದು ಕೋಣೆಯಲ್ಲಿ ಕೂತು, ಯಾರ ಫೋಟೊವೋ ಆ ಮಗುವಿನ ಮಾತು ಮೊದಲು ಕೇಳಿ, ಸಾಧ್ಯವಾದರೆ ಶಿಕ್ಷಕಿಯೊಬ್ಬರು ಜೊತೆಗಿರಲಿ. ಅವತ್ತೇ ಎರಡೂ ಮನೆಯವರನ್ನು ಬೇರೆ ಬೇರೆಯಾಗಿ ಕರೆಸಿ. ಫೋಟೊದಲ್ಲಿ ಲೈಂಗಿಕವಾದದ್ದೇನಾದರೂ ಇದ್ದರೆ ಅದು 2012ರ ಪೋಕ್ಸೊ ಕಾಯ್ದೆಯ ವಿಷಯ. ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಶಾಲೆಯೊಳಗೇ ರಾಜಿ ಮಾಡಿ ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098. ಫೋನ್ ತೆಗೆದಾಗ ಹಣ ಹೋಗಿದ್ದು ತಿಳಿದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಈ ಎರಡು ನಂಬರ್‌ಗಳನ್ನು ಜೇಬಿನ ಪರದೆಯ ತಲೆಯ ಮೇಲೆ ಬಟ್ಟೆಯಲ್ಲೇ ಹೊಲಿಸಿದ್ದೇನೆ.

9. ಯಾವಾಗ ನಿಲ್ಲಿಸಬೇಕು

ಹತ್ತನೇ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆ ಶುರುವಾದ ಮೇಲೆ ಫೋನಿನ ಪಾಠ ಇಟ್ಟುಕೊಳ್ಳಬೇಡಿ. ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೋಣೆಗೆ ಮೊಬೈಲ್ ಒಯ್ಯುವಂತಿಲ್ಲ. ಚೀಲದಲ್ಲಿ ಫೋನ್ ಇಟ್ಟುಕೊಂಡು ಬರುವ ರೂಢಿ ಆ ಮಕ್ಕಳಿಗೆ ಅಷ್ಟರೊಳಗೆ ತಪ್ಪಿರಬೇಕು. ಎಂಟು, ಒಂಬತ್ತರವರಿಗೆ ತಿಂಗಳಿಗೆ ಎರಡು ಪಿರಿಯಡ್ ನನಗೆ ಸರಿ ಎನಿಸಿದೆ. ವರ್ಷದ ಕೊನೆಗೆ ಫೋನ್ ಕೊಟ್ಟ ಪಾಲಕರನ್ನೆಲ್ಲ ಒಂದು ಬೆಳಿಗ್ಗೆ ಕರೆದು, ಆ ಫೋನಿನಿಂದ ಅವರ ಮಕ್ಕಳು ಬರೆದ ನೋಟ್‌ಬುಕ್ಕಿನ ಪುಟಗಳನ್ನು ಚಾಪೆಯ ಮೇಲೆ ಹರಡಿಡಿ. ಹೋದ ವರ್ಷ ಆ ಮೆಣಸಿನಕಾಯಿ ಬೆಳೆಯುವ ತಂದೆ ಮಗಳ ಪುಟದ ಮುಂದೆ ಕೂತು, "345 ಅಂದ್ರ ಏನವಾ?" ಎಂದು ಕೇಳಿದರು. ಅವಳು ಅಡುಗೆ ಕೋಣೆಗೆ ಓಡಿಹೋಗಿ ಎರಡು ತಾಟು ತಂದಳು.